ಕಲ್ಲು ನಿಲ್ಲಿಸಿದವರ ಹೆಸರು

ವಿಜಯವಾಡದ ಇಂದ್ರಕೀಲಾದ್ರಿಯನ್ನು ಕನ್ನಡಿಗರು ಕಣ್ಣಿನಿಂದ ಕಾಣುವುದಕ್ಕೆ ಬಹುಕಾಲ ಮೊದಲೇ ಕಾವ್ಯದಿಂದ ಬಲ್ಲರು. ಪಾಶುಪತಾಸ್ತ್ರವನ್ನು ಬಯಸಿ ಅರ್ಜುನನು ತಪಸ್ಸಿಗೆ ನಿಂತ ಗಿರಿ ಇದೇ ಎಂಬುದು ಆ ಸೀಮೆಯ ಜನರ ದೃಢವಾದ ನಂಬಿಕೆ. ಮೇಲೆ ಕನಕದುರ್ಗೆಯ ಆಲಯ, ಕೆಳಗೆ ನಮ್ಮ ನಾಡಿನಿಂದಲೇ ಭೀಮೆಯನ್ನೂ ತುಂಗಭದ್ರೆಯನ್ನೂ ಕೂಡಿಸಿಕೊಂಡು ಹರಿದುಹೋದ ಕೃಷ್ಣೆ. ಬೃಹಸ್ಪತಿಯು ಕನ್ಯಾರಾಶಿಯನ್ನು ಪ್ರವೇಶಿಸಿದಾಗ, ಎಂದರೆ ಹನ್ನೆರಡು ವರ್ಷಗಳಿಗೊಮ್ಮೆ, ಆ ನದಿಗೆ ಪುಷ್ಕರವು ಪ್ರಾಪ್ತವಾಗುತ್ತದೆ. 2016ರ ಆಗಸ್ಟ್ 12ರಿಂದ 23ರವರೆಗೆ ನಡೆದ ಪುಷ್ಕರದಲ್ಲಿ, ಬೆಟ್ಟದ ಬುಡದ ದುರ್ಗಾಘಾಟಿನ ಮೆಟ್ಟಿಲುಗಳ ಮೇಲೆ ಪಿಂಡಪ್ರದಾನಕ್ಕೆ ಕುಳಿತವರನ್ನು ಪುರೋಹಿತರು ಕೇಳಿದ ಪ್ರಶ್ನೆಗಳು ಸಾವಿರ ವರ್ಷಗಳಿಂದ ಬದಲಾಗದ ಪ್ರಶ್ನೆಗಳು: ಗೋತ್ರ ಯಾವುದು, ತಂದೆಯ ಹೆಸರೇನು, ತಾತನ ಹೆಸರೇನು, ಮುತ್ತಾತನ ಹೆಸರೇನು, ತಾಯಿ ಯಾರು, ತಂದೆಯ ತಾಯಿ ಯಾರು, ಅವಳ ಅತ್ತೆ ಯಾರು, ತಾಯಿಯ ತವರಿನ ಹಿರಿಯರು ಯಾರು. ಇವೆಲ್ಲ ಮುಗಿದ ಮೇಲೆ ಕಾರುಣ್ಯ ಪಿತೃಗಳೆಂದು ದೊಡ್ಡಪ್ಪ, ಸೋದರಮಾವ, ಸೋದರತ್ತೆ, ಮಾವ, ಗುರು, ಮಿತ್ರರವರೆಗೆ ಗತಿಸಿದವರೆಲ್ಲರ ಹೆಸರುಗಳನ್ನೂ ಹೇಳಬೇಕು. ಇದಕ್ಕಾಗಿಯೇ ಹಳೆಯ ಮನೆಗಳಲ್ಲಿ ಒಂದು ಚೀಟಿಯೋ ಪಂಚಾಂಗದ ಹಿಂಪುಟವೋ ಇರುತ್ತದೆ. ಗಯೆಗೆ ಹೋದಾಗ, ಕಾಶಿಗೆ ಹೋದಾಗ, ರಾಮೇಶ್ವರಕ್ಕೆ ಹೋದಾಗ ಅದನ್ನು ನೋಡಿ ಓದುತ್ತಾರೆ. ಯಾರಾದರೂ ಗತಿಸಿದಾಗ ಅದಕ್ಕೆ ಇನ್ನೊಂದು ಹೆಸರನ್ನು ಕೂಡಿಸುತ್ತಾರೆ. ವಂಶವೃಕ್ಷವೆಂಬ ಹೆಸರಿಲ್ಲದೆಯೇ ವಂಶವೃಕ್ಷದ ಕಾರ್ಯವನ್ನು ಮಾಡಿಕೊಂಡು ಬಂದ ಈ ಕಾಗದವನ್ನು ನಾವು ಇತಿಹಾಸದ ಆಧಾರವೆಂದು ಎಣಿಸಿಯೇ ಇಲ್ಲ.

ಮೂರನೆಯ ತಲೆಯಿಂದಾಚೆಗೆ ಯಾರು ಎಂದು ಕೇಳಿದರೆ ಮಾತ್ರ ಬಹುಮಂದಿ ನಿರುತ್ತರರಾಗುತ್ತಾರೆ. ಹೂಳುವವರಿಗೆ ಗೋರಿಗಳುಂಟು, ಗೋರಿಗಳ ಮೇಲೆ ಬರಹಗಳುಂಟು. ಸುಡುವವರಾದ ನಮಗೆ ಬೂದಿಯಲ್ಲದೆ ಮತ್ತೇನೂ ಉಳಿಯಲಿಲ್ಲ ಎಂಬ ಸಮಾಧಾನವನ್ನು ತಾವೇ ಹೇಳಿಕೊಳ್ಳುತ್ತಾರೆ. ಈ ಮಾತು ಅರ್ಧ ಸತ್ಯವೂ ಅಲ್ಲ. ವೀರಗಲ್ಲು, ಮಹಾಸತಿಕಲ್ಲು, ನಿಸಿದಿ, ಗದ್ದುಗೆ, ಬೃಂದಾವನ, ಹೊಲದ ಬದುವಿನಲ್ಲಿ ಸುಣ್ಣ ಬಳಿದುಕೊಂಡು ನಿಂತಿರುವ ಹಿರಿಯರ ಸಮಾಧಿ, ಇಷ್ಟು ಬಗೆಯ ಮರಣಚಿಹ್ನೆಗಳನ್ನು ನಿಲ್ಲಿಸಿದ ಕನ್ನಡನಾಡಿಗೆ ಮೃತರ ಲೇಖನವಿಲ್ಲವೆಂದು ಹೇಳುವುದು ಸಲ್ಲದು. ನಮಗೆ ಕೊರತೆಯಾಗಿರುವುದು ಕಲ್ಲಲ್ಲ, ಕಲ್ಲನ್ನು ಓದುವ ಕ್ರಮ. ಆ ಕ್ರಮದ ಮೊದಲನೆಯ ಸೂತ್ರವಿಷ್ಟೆ: ಸತ್ತವನು ತನ್ನ ಗೋರಿಯ ಮೇಲೆ ತಾನೇ ಬರೆಯುವುದಿಲ್ಲ, ಬರೆಸುವವರು ಉಳಿದವರು. ಆದುದರಿಂದ ಯಾವ ಕಲ್ಲಿನ ಮುಂದೆ ನಿಂತರೂ, ಯಾವ ಹಳೆಯ ಪತ್ರಿಕೆಯ ನಿಧನವಾರ್ತೆಯನ್ನು ಓದಿದರೂ, ಗತಿಸಿದವರು ಯಾರೆಂದು ಕೇಳುವುದಕ್ಕೆ ಮೊದಲು ಇದನ್ನು ನಿಲ್ಲಿಸಿದವರು ಯಾರು, ಹಣ ಕೊಟ್ಟವರು ಯಾರು, ಯಾರ ಕಣ್ಣಿಗೆ ಬೀಳಲೆಂದು ಬರೆಸಿದರು ಎಂದು ಕೇಳತಕ್ಕದ್ದು.

ಇದಕ್ಕೆ ಇಂದ್ರಕೀಲಾದ್ರಿಯ ನೆರೆಯಲ್ಲಿಯೇ ನಮ್ಮ ಭಾಷೆಯ ಅತ್ಯುನ್ನತವಾದ ನಿದರ್ಶನವಿದೆ. ಕೃಷ್ಣಾ ಗೋದಾವರಿಗಳ ನಡುವಣ ವೆಂಗಿಮಂಡಲ ಆದಿಕವಿ ಪಂಪನ ಪೂರ್ವಜರ ನೆಲ. ಅದರ ಹಳೆಯ ರಾಜಧಾನಿಯು ಏಲೂರಿನ ಬಳಿಯ ಇಂದಿನ ಪೆದವೇಗಿ. ಪಂಪನು ತನ್ನ ಕಾವ್ಯದಲ್ಲಿ ಮಾಧವ ಸೋಮಯಾಜಿಯಿಂದ ತೊಡಗಿ ತಂದೆಯವರೆಗೆ ಗಂಡಸರ ಪರಂಪರೆಯನ್ನು ಹೇಳಿಕೊಂಡಿದ್ದಾನೆ. ಹೆತ್ತ ತಾಯಿಯ ಹೆಸರನ್ನು ತಿಳಿಯಬೇಕಾದರೆ ನಾವು ಕರೀಂನಗರ ಸೀಮೆಯ ಕುರ್ಕ್ಯಾಲಕ್ಕೆ ಹೋಗಬೇಕು. ಅಲ್ಲಿಯ ಬೊಮ್ಮಲಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಬರೆಸಿದ ಶಾಸನದಲ್ಲಿ ತಾಯಿ ಅಬ್ಬಣಬ್ಬೆ ಎಂದೂ ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ ಹೇಳಿದೆ. ಕಾವ್ಯದಲ್ಲಿ ಅಭಿರಾಮದೇವರಾಯನೆಂದು ಬರುವ ತಂದೆ ಕಲ್ಲಿನಲ್ಲಿ ಭೀಮಪಯ್ಯನಾಗಿದ್ದಾನೆ. ಒಂದೇ ಮನೆಯ ಇಬ್ಬರು ಮಕ್ಕಳು ತಂದೆಯನ್ನು ಎರಡು ಹೆಸರುಗಳಿಂದ ಕರೆದಿರುವರೆಂಬುದನ್ನು ನೋಡಿದವರಿಗೆ, ತಮ್ಮ ಮುತ್ತಾತನ ಹೆಸರು ಕ್ರಯಪತ್ರದಲ್ಲಿ ಒಂದು, ಶ್ರಾದ್ಧದ ಮಂತ್ರದಲ್ಲಿ ಇನ್ನೊಂದು ಇದ್ದರೆ ಗಾಬರಿಯಾಗಬೇಕಾದ ಕಾರಣವಿಲ್ಲ. ಈ ಶಾಸನ ಮರಣಶಾಸನವಲ್ಲ, ನಿಜ. ಆದರೂ ತಮ್ಮನು ತನ್ನ ಧರ್ಮಕಾರ್ಯಗಳನ್ನು ಹೇಳಿಕೊಳ್ಳುವ ನೆಪದಲ್ಲಿ ಮನೆತನವನ್ನು ಬರೆಸದೆ ಇದ್ದಿದ್ದರೆ, ಕನ್ನಡದ ಆದಿಕವಿಯ ತಾಯಿ ಕನ್ನಡಿಗರಿಗೆ ಹೆಸರಿಲ್ಲದವಳಾಗಿ ಉಳಿಯುತ್ತಿದ್ದಳು. ಧಾರವಾಡ ಸೀಮೆಯ ಅಣ್ಣಿಗೇರಿಗೂ ವೆಂಗಿನಾಡಿಗೂ ಇದ್ದ ಮದುವೆಯ ನಂಟು ಒಂದು ಸಾಲಿನಲ್ಲಿ ಉಳಿದುಕೊಂಡಿತು.

ಮರಣದ ಕಲ್ಲುಗಳಿಂದಲೇ ಒಂದು ಕುಟುಂಬದ ಚರಿತ್ರೆಯನ್ನು ಕಟ್ಟಬಹುದೆಂಬುದಕ್ಕೆ ಶ್ರವಣಬೆಳಗೊಳಕ್ಕಿಂತ ಮಿಗಿಲಾದ ಪಾಠಶಾಲೆಯನ್ನು ನಾನು ಕಾಣೆ. ಬಿ.ಎಲ್. ರೈಸ್ ಅವರು 1889ರಲ್ಲಿ ಅಲ್ಲಿಯ ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ 500 ಶಾಸನಗಳವರೆಗೆ ಬೆಳೆಸಿದರು. ಅವುಗಳಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟವರ ನೆನಪಿನ ನಿಸಿದಿಗಳು ವಿಶೇಷವಾಗಿವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಮನೆಯನ್ನೇ ನೋಡೋಣ. 1121ರ ಸುಮಾರಿಗೆ ತಾಯಿ ಪೋಚಿಕಬ್ಬೆ ತೀರಿಕೊಂಡಳು, ಮಗ ನಿಸಿದಿಯನ್ನು ನಿಲ್ಲಿಸಿದನು. ಅದರ ಹಿಂದೆಯೇ ಹೆಂಡತಿ ಲಕ್ಷ್ಮೀಮತಿ ತೀರಿಕೊಂಡಳು, ಗಂಡ ನಿಸಿದಿಯನ್ನು ನಿಲ್ಲಿಸಿದನು. 1123ರಲ್ಲಿ ಗುರು ಶುಭಚಂದ್ರ ಸಿದ್ಧಾಂತದೇವರು ಮುಡಿಪಿದರು, ಶಿಷ್ಯನು ನಿಸಿದಿಯನ್ನು ನಿಲ್ಲಿಸಿದನು. ಮೂರು ವರ್ಷಗಳ ಒಳಗಡೆ ತಾಯಿ, ಮಡದಿ, ಗುರು ಮೂವರನ್ನೂ ಕಳೆದುಕೊಂಡ ಒಬ್ಬ ಸೇನಾಪತಿಯ ದುಃಖವನ್ನು ಯಾವ ಯುದ್ಧಪ್ರಶಸ್ತಿಯೂ ನಮಗೆ ತಿಳಿಸಲಾರದು. ಮೂರು ಕಲ್ಲುಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದಾಗ ಮಾತ್ರ ಅದು ಗೋಚರವಾಗುತ್ತದೆ. ಆಮೇಲೆ ಅವನೇ ತೀರಿಕೊಂಡನು. ಮಗ ಬೊಪ್ಪನು 1133ರಲ್ಲಿ ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥನ ಬಸದಿಯನ್ನೇ ಕಟ್ಟಿಸಿದನು. ಅಲ್ಲಿಗೆ ಒಂದು ಮನೆತನದ ಕೆಲವು ತಲೆಗಳು ಕೈಗೆ ಸಿಕ್ಕಿದವು. ಸಿಕ್ಕಿದುದು ಸಾವುಗಳ ಮೂಲಕ.

ಶಾಂತಲಾದೇವಿಯ ವಿಷಯ ಇದಕ್ಕಿಂತಲೂ ಹೃದಯಸ್ಪರ್ಶಿ. ವಿಷ್ಣುವರ್ಧನನ ಪಟ್ಟಮಹಿಷಿಯಾದ ಈಕೆ 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂಬುದನ್ನು ಬೆಳಗೊಳದಲ್ಲಿ ಆಕೆಯ ತಾಯಿ ಮಾಚಿಕಬ್ಬೆಯ ಮರಣವನ್ನು ಹೇಳುವ ಶಾಸನವು ತಿಳಿಸುತ್ತದೆ. ಮಗಳ ಸಾವಿನ ಶೋಕವನ್ನು ತಾಳಲಾರದೆ ತಾಯಿಯು ಬೆಳಗೊಳಕ್ಕೆ ಬಂದು ಸಲ್ಲೇಖನವನ್ನು ಕೈಕೊಂಡಳು. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಜಿನಭಕ್ತೆ. ತಾಯಿಯ ತವರಿನವರಾದ ಬಲದೇವ ದಂಡನಾಯಕ ಮೊದಲಾದವರ ವಿವರವೂ ಅದೇ ಕಲ್ಲಿನಲ್ಲಿದೆ. ರಾಣಿಯ ಜೀವಿತದ ಮುಖ್ಯವಾದ ಸಂಗತಿಯೊಂದು ರಾಣಿಯ ಕಲ್ಲಿನಲ್ಲಿ ಸಿಕ್ಕದೆ ತಾಯಿಯ ಕಲ್ಲಿನಲ್ಲಿ ಸಿಕ್ಕಿತು. ವಂಶವನ್ನು ಹುಡುಕುವವರು ಇದನ್ನು ನೆನಪಿನಲ್ಲಿಡಬೇಕು: ಬೇಕಾದವರ ಗೋರಿ ಕಾಣದಿದ್ದರೆ ಅವರ ಅಕ್ಕನ ಗೋರಿಯನ್ನು, ತಾಯಿಯ ಗೋರಿಯನ್ನು, ಸೋದರತ್ತೆಯ ಗೋರಿಯನ್ನು ಹುಡುಕಬೇಕು.

ಅರಸರು ದಂಡನಾಯಕರಿಗೆ ಮಾತ್ರ ಈ ಭಾಗ್ಯವಿತ್ತೆಂದು ತಿಳಿಯಬಾರದು. ಊರಿನ ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದ ಸಾಮಾನ್ಯರ ವೀರಗಲ್ಲುಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಮಂಡ್ಯ ಸೀಮೆಯ ಆತಕೂರಿನಲ್ಲಿ ಸುಮಾರು 949ರಲ್ಲಿ ಮಣಲೆರನು ಹಂದಿಯೊಡನೆ ಹೋರಾಡಿ ಸತ್ತ ತನ್ನ ಕಾಳಿಯೆಂಬ ನಾಯಿಗೂ ಕಲ್ಲನ್ನು ನಿಲ್ಲಿಸಿದನು. ಬೆಂಗಳೂರು ಎಂಬ ಹೆಸರಿನ ಅತಿ ಪ್ರಾಚೀನವಾದ ಉಲ್ಲೇಖ ಸಿಕ್ಕಿರುವುದು ಬೇಗೂರಿನಲ್ಲಿ, ಸುಮಾರು 890ರ ಒಂದು ವೀರಗಲ್ಲಿನಲ್ಲಿ. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯವರು ಸತ್ತ ಸುದ್ದಿಯನ್ನು ಹೇಳಲು ಹೊರಟ ಬರಹವದು. ಕೋಟಿಗೂ ಮಿಕ್ಕ ಜನ ವಾಸಿಸುವ ರಾಜಧಾನಿಯೊಂದರ ಹೆಸರು ಮೊಟ್ಟಮೊದಲು ಕಾಣುವುದು ನಿಧನವಾರ್ತೆಯೊಂದರಲ್ಲಿ.

ಇನ್ನು ಇಂದ್ರಕೀಲಾದ್ರಿಯಿಂದ ಪೂರ್ವಸಮುದ್ರದ ಕಡೆಗೆ ಹೊರಡೋಣ. ವಿಜಯವಾಡದಿಂದ ಸುಮಾರು 70 ಕಿಲೋಮೀಟರು ದೂರದ ಮಚಲೀಪಟ್ಟಣದಲ್ಲಿಯೂ, ವಿಶಾಖಪಟ್ಟಣದ ಉತ್ತರಕ್ಕಿರುವ ಭೀಮುನಿಪಟ್ಟಣದಲ್ಲಿಯೂ ಡಚ್ಚರ ಗೋರಿಗಳಿವೆ. ವಿಶಾಖಪಟ್ಟಣದ ಹಳೆಯ ಊರಿನಲ್ಲಿ ಇಂಗ್ಲಿಷರ ಹಳೆಯ ಸ್ಮಶಾನವಿದೆ. 17ನೆಯ ಶತಮಾನದಲ್ಲಿ ಬಟ್ಟೆಯ ವ್ಯಾಪಾರಕ್ಕಾಗಿ ಬಂದವರು ಇವರು. ಡಚ್ಚರ ಕಲ್ಲುಗಳನ್ನು ನೋಡುವುದೇ ಒಂದು ಸೊಗಸು: ಅಕ್ಷರಗಳನ್ನು ಕೊರೆದಿರುವುದಿಲ್ಲ, ಸುತ್ತಲಿನ ಕಲ್ಲನ್ನು ತೆಗೆದು ಅಕ್ಷರಗಳನ್ನು ಉಬ್ಬಿಸಿರುತ್ತಾರೆ, ಮೇಲೆ ಮನೆತನದ ಲಾಂಛನವಿರುತ್ತದೆ. ಸತ್ತವರ ವಯಸ್ಸನ್ನು ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನವೆಂದು ಲೆಕ್ಕಹಾಕಿ ಬರೆಯುವ ಪದ್ಧತಿ ಅವರಲ್ಲಿತ್ತು. ಆದುದರಿಂದ ಮರಣದಿನದಿಂದ ಹಿಂದಕ್ಕೆ ಎಣಿಸಿದರೆ ಜನ್ಮದಿನವು ತಾನಾಗಿ ದೊರೆಯುತ್ತದೆ. ಮದುವೆಯಾದ ಹೆಣ್ಣುಮಗಳನ್ನು ತವರಿನ ಹೆಸರಿನಿಂದಲೇ ಕರೆದು, ಇಂಥವನ ಹೆಂಡತಿ ಎಂದು ಆಮೇಲೆ ಹೇಳುವುದು ಅವರ ವಾಡಿಕೆ. ಇಂಗ್ಲಿಷರ ಕಲ್ಲುಗಳಲ್ಲಿ ಸಾಮಾನ್ಯವಾಗಿ ಗಂಡನ ಮನೆಯ ಹೆಸರೊಂದೇ ಉಳಿದು ತವರು ಅಳಿಸಿಹೋಗುತ್ತದೆ. ಎರಡು ಜನಾಂಗಗಳ ಎರಡು ರೂಢಿಗಳಿಂದ, ಒಂದು ಸ್ಮಶಾನದಲ್ಲಿ ತಾಯಿಯ ಕಡೆಯ ವಂಶವು ಹುಡುಕಲು ಸಿಕ್ಕುತ್ತದೆ, ಇನ್ನೊಂದರಲ್ಲಿ ಕಲ್ಲಿನ ಬಳಿಯೇ ದಾರಿ ಕಡಿದುಹೋಗುತ್ತದೆ.

ತಾರೀಖಿನ ತೊಡಕೂ ಇಲ್ಲಿ ಉಂಟು. ಹಾಲೆಂಡಿನವರು 1583ರಲ್ಲಿಯೇ ಗ್ರೆಗೋರಿಯನ್ ಪಂಚಾಂಗವನ್ನು ಒಪ್ಪಿಕೊಂಡರು. ಇಂಗ್ಲಿಷರು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗವನ್ನೇ ಹಿಡಿದುಕೊಂಡಿದ್ದರು, ಅವರ ವರ್ಷವೂ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. ಎಂದಮೇಲೆ 17ನೆಯ ಶತಮಾನದಲ್ಲಿ ಭೀಮುನಿಪಟ್ಟಣದ ಡಚ್ಚನೊಬ್ಬನೂ ವಿಶಾಖಪಟ್ಟಣದ ಇಂಗ್ಲಿಷನೊಬ್ಬನೂ ಒಂದೇ ದಿನ ಸತ್ತರೆ, ಅವರ ಕಲ್ಲುಗಳ ಮೇಲೆ ಹತ್ತು ದಿನಗಳ ಅಂತರವಿರುತ್ತದೆ. ಜನವರಿಯಲ್ಲಿ ಸತ್ತಿದ್ದರೆ ಇಸವಿಯೂ ಬೇರೆಯಾಗಬಹುದು. ಇದನ್ನು ತಿಳಿಯದೆ ವಂಶಾವಳಿಯನ್ನು ಕಟ್ಟಿದವರು ತಂದೆ ಸತ್ತ ಮೇಲೆ ಮಗು ಹುಟ್ಟಿತೆಂದೋ, ವಿವಾಹಕ್ಕೆ ಮೊದಲೇ ವಿಧವೆಯಾದಳೆಂದೋ ಬರೆಯುವ ಅಪಾಯವುಂಟು.

ನಮ್ಮ ತೊಡಕು ಇದಕ್ಕಿಂತ ದೊಡ್ಡದು. ಹಿರಿಯರ ಶ್ರಾದ್ಧಕ್ಕೆ ಬೇಕಾದುದು ಮಾಸ, ಪಕ್ಷ, ತಿಥಿ, ಇಸವಿ ಬೇಕಿಲ್ಲ. ಆದಕಾರಣ ಮನೆಯ ನೆನಪಿನಲ್ಲಿ ಉಳಿಯುವುದು ಕಾರ್ತಿಕ ಬಹುಳ ಪಂಚಮಿ ಎಂಬಷ್ಟು ಮಾತ್ರ. ಸಂವತ್ಸರದ ಹೆಸರು ಉಳಿದಿದ್ದರೂ ಅದು ಅರುವತ್ತು ವರ್ಷಗಳಿಗೊಮ್ಮೆ ತಿರುಗಿ ಬರುತ್ತದೆ: ಶೋಭಕೃತ್ ಎಂದರೆ 1903ರ ಯುಗಾದಿಯಿಂದ ತೊಡಗಿದ ವರ್ಷವೂ ಅಹುದು, 1963ರದೂ ಅಹುದು, 2023ರದೂ ಅಹುದು. ಇಲ್ಲಿ ವಾರವು ನೆರವಿಗೆ ಬರುತ್ತದೆ. ಅಜ್ಜ ತೀರಿಕೊಂಡದ್ದು ಅಮಾವಾಸ್ಯೆ, ಸೋಮವಾರ ಎಂದು ಮನೆಯ ಹಿರಿಯ ಹೆಂಗಸೊಬ್ಬಳು ನೆನಪಿಟ್ಟುಕೊಂಡಿದ್ದರೆ, ಮಾಸ, ತಿಥಿ, ವಾರ ಮೂರೂ ಕೂಡಿಬರುವ ವರ್ಷವನ್ನು ಹಳೆಯ ಪಂಚಾಂಗಗಳಿಂದ ಗೊತ್ತುಮಾಡಬಹುದು, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರು ಶಾಸನಗಳ ಕಾಲನಿರ್ಣಯಕ್ಕಾಗಿ ಸಿದ್ಧಪಡಿಸಿದ ಕೋಷ್ಟಕಗಳ ಮರ್ಮವೂ ಇದೇ. ಮುಸಲ್ಮಾನರ ಗೋರಿಗಳ ಹಿಜರಿ ವರ್ಷವು ಚಾಂದ್ರಮಾನದ್ದು, ಸುಮಾರು 354 ದಿನಗಳದ್ದು. ಆದುದರಿಂದ ಒಂದು ನಿಯತವಾದ ಸಂಖ್ಯೆಯನ್ನು ಕೂಡಿಸಿ ಇಸವಿಯನ್ನು ಪಡೆಯುತ್ತೇನೆಂದು ಹೊರಟರೆ ಲೆಕ್ಕ ತಪ್ಪುತ್ತದೆ.

ವಿಶಾಖಪಟ್ಟಣದ ಸ್ಮಶಾನಕ್ಕೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ನಂಟುಂಟು. 1780ರಲ್ಲಿ ಹೈದರಾಲಿಯ ಸೈನ್ಯವು ಇಂಗ್ಲಿಷರು ಕರ್ನಾಟಿಕ್ ಎನ್ನುತ್ತಿದ್ದ ಬಯಲಿಗೆ ನುಗ್ಗಿದಾಗ, ವಿಶಾಖಪಟ್ಟಣದ ಸಿಪಾಯಿಗಳನ್ನು ಹಡಗು ಹತ್ತಿಸಿ ಮದರಾಸಿಗೆ ಕಳುಹಿಸಲು ಕಂಪನಿಯವರು ಆಜ್ಞಾಪಿಸಿದರು, ಸಿಪಾಯಿಗಳು ಒಪ್ಪಲಿಲ್ಲ. ಅಕ್ಟೋಬರ್ 3ರಂದು ನಡೆದ ದಂಗೆಯಲ್ಲಿ ಆಂಗ್ಲರು ಹತರಾದರು, ಅವರ ಸ್ಮಾರಕವು ಆ ಸ್ಮಶಾನದಲ್ಲಿದೆ. ಸತ್ತ ಸಿಪಾಯಿಗಳಿಗೆ ಕಲ್ಲಿಲ್ಲ. ಅದೇ ಯುದ್ಧಪರಂಪರೆಯ ಕೊನೆಯಲ್ಲಿ, 1799ರ ನಂತರ, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಬಳಿ ದಂಡಿನವರ ಸ್ಮಶಾನ ಬೆಳೆಯಿತು. ಸುಮಾರು 300 ಗೋರಿಗಳು. ಅವುಗಳಲ್ಲಿ ಹಲವು ದ ಮ್ಯೂರೋನ್ ಪಡೆಯವರವು. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲಿನವನಾದ ಷಾರ್ಲ್ ದಾನಿಯೆಲ್ ದ ಮ್ಯೂರೋನ್ 1781ರಲ್ಲಿ ಡಚ್ಚರ ಕಂಪನಿಗಾಗಿ ಕಟ್ಟಿದ ಈ ಪಡೆಯು 1795ರಲ್ಲಿ ಸಿಂಹಳದಲ್ಲಿ ಇಂಗ್ಲಿಷರ ಕಡೆಗೆ ಬಂದು, ನಾಲ್ಕು ವರ್ಷಗಳ ತರುವಾಯ ಟಿಪ್ಪುವಿನ ಕೋಟೆಯ ಮುಂದೆ ನಿಂತಿತು. ಎರಡು ನೂರು ವರ್ಷಗಳು ಕಳೆದ ಮೇಲೆ ಆ ಮನೆತನದ ವಂಶಸ್ಥರು ನ್ಯೂಶಾಟೆಲಿನಿಂದ ಹುಡುಕಿಕೊಂಡು ಬಂದು, ಮುಳ್ಳುಕಂಟಿ ಬೆಳೆದು ಪಾಳುಬಿದ್ದಿದ್ದ ಆ ಸ್ಮಶಾನವನ್ನು 2008ರ ಹೊತ್ತಿಗೆ ದುರಸ್ತಿ ಮಾಡಿಸಿದರು. ಅನ್ಯದೇಶದವರು ತಮ್ಮ ಹಿರಿಯರ ಗೋರಿಗಳನ್ನು ಕಾವೇರಿಯ ದಡದವರೆಗೆ ಅರಸಿಕೊಂಡು ಬರುವಾಗ, ಅದೇ ಕಾವೇರಿಯ ದಡದ ನಮ್ಮ ಊರುಗಳಲ್ಲಿ ವೀರಗಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿರುವುದನ್ನು ನೋಡಿ ನನಗೆ ವ್ಯಥೆಯಾಗುತ್ತದೆ.

ಇಂಥ ಶೋಧನೆ ವಿದೇಶದವರಿಗೆ ಸುಲಭವಾದುದಕ್ಕೆ ಕಾರಣವುಂಟು. ಮದರಾಸಿನ ಅಧಿಕಾರಿ ಜೂಲಿಯನ್ ಜೇಮ್ಸ್ ಕಾಟನ್ ಎಂಬವರು ಆ ಪ್ರಾಂತದ ಗೋರಿಗಳ ಬರಹಗಳನ್ನು ಜಿಲ್ಲೆಜಿಲ್ಲೆಯಾಗಿ ಪಟ್ಟಿಮಾಡಿ 1905ರಲ್ಲಿ ಅಚ್ಚುಹಾಕಿಸಿದರು. ವಿಶಾಖಪಟ್ಟಣ, ಕೃಷ್ಣಾ ಜಿಲ್ಲೆಗಳಂತೆ ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಅದೇ ಪ್ರಾಂತಕ್ಕೆ ಸೇರಿದ್ದುವು. ಇಗರ್ಜಿಗಳ ಸಮಾಧಿ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಗ್ರಂಥಾಲಯದಲ್ಲಿ ಭದ್ರವಾಗಿವೆ. ಕಲ್ಲು ನಿಲ್ಲಿಸಲು ಹಣವಿಲ್ಲದ ಸಾಮಾನ್ಯ ಸೈನಿಕನ ಹೆಸರು ಅಲ್ಲಿ ಸಿಕ್ಕುತ್ತದೆ. ಕಲ್ಲು ಹೇಳಲು ನಾಚುವ ಮರಣಕಾರಣವೂ ಅಲ್ಲಿ ಸಿಕ್ಕುತ್ತದೆ. 1864ರ ನವೆಂಬರ್ 1ರಂದು ಮಚಲೀಪಟ್ಟಣವನ್ನು ಸಮುದ್ರವು ನುಗ್ಗಿ ಮುಳುಗಿಸಿದಾಗ ಸುಮಾರು 30,000 ಜನ ಸತ್ತರೆಂದು ಲೆಕ್ಕ. ಅಲ್ಲಿಯೂ ಹೆಸರು ಉಳಿದುದು ಬರೆಸುವ ಬಂಧುಗಳಿದ್ದವರದ್ದು, ದಾಖಲೆಯಿದ್ದ ಇಗರ್ಜಿಗೆ ಸೇರಿದವರದ್ದು. ಮಿಕ್ಕವರು ಸಂಖ್ಯೆಯಾಗಿ ಹೋದರು.

ನಮ್ಮಲ್ಲಿ ಕಾಗದ ಉಳಿಯದುದಕ್ಕೆ ಬೇರೊಂದು ಕಾರಣವಿದೆ; ಅದು ಅಲಕ್ಷ್ಯವಲ್ಲ, ಆಚಾರ. ಸಾವಿನ ಸುದ್ದಿಯನ್ನು ತರುವ ಕಾರ್ಡಿನ ಮೂಲೆಯನ್ನು ಹರಿದು ಕಳುಹಿಸುತ್ತಿದ್ದರು. ಅದನ್ನು ಹೊಸ್ತಿಲಿನ ಹೊರಗೆ ನಿಂತು ಓದಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದರು. ಅಶುಭಪತ್ರವನ್ನು ಮನೆಯಲ್ಲಿಟ್ಟುಕೊಳ್ಳಬಾರದೆಂಬ ಈ ನಿಯಮದಿಂದ ಮದುವೆಯ ಕರೆಯೋಲೆಗಳು ಪೆಟ್ಟಿಗೆಯಲ್ಲಿ ಉಳಿದು, ಮರಣದ ಪತ್ರಗಳು ಅಳಿದುಹೋದವು. ಸಾವಿನ ಸುದ್ದಿ ಉಳಿದಿರುವ ಸ್ಥಳ ಒಂದೇ: ಪತ್ರಿಕೆಗಳ ಹಳೆಯ ಸಂಪುಟಗಳು. ಕನ್ನಡದ ಮೊದಲನೆಯ ಪತ್ರಿಕೆಯಾದ ಮಂಗಳೂರ ಸಮಾಚಾರ ಹೊರಟದ್ದು 1843ರಲ್ಲಿ. ಪ್ರಜಾವಾಣಿ 1948ರಲ್ಲಿ ಪ್ರಾರಂಭವಾಯಿತು. ದಿನಪತ್ರಿಕೆಗಳು ಮನೆಮನೆಗೆ ಹೋಗತೊಡಗಿದ ಮೇಲೆ ಸಣ್ಣ ಅಕ್ಷರಗಳ ನಿಧನವಾರ್ತೆಯೂ, ಭಾವಚಿತ್ರದೊಡನೆ ಶ್ರದ್ಧಾಂಜಲಿಯೂ, ವರ್ಷವರ್ಷವೂ ಪುಣ್ಯಸ್ಮರಣೆಯೂ ಬರತೊಡಗಿದವು.

ಇವನ್ನು ಓದುವುದೂ ಒಂದು ವಿದ್ಯೆ. ಲಿಂಗೈಕ್ಯರಾದರು ಎಂದಿದ್ದರೆ, ವೈಕುಂಠವಾಸಿಗಳಾದರು ಎಂದಿದ್ದರೆ, ಪ್ರಭುವಿನಲ್ಲಿ ನಿದ್ರಿಸಿದರು ಎಂದಿದ್ದರೆ, ಮನೆಯವರ ಮತವು ತಿಳಿಯಿತು. ಮುಂದಿನ ಕಾರ್ಯವನ್ನು ಶಿವಗಣಾರಾಧನೆ ಎಂದಿದ್ದಾರೆಯೇ, ವೈಕುಂಠ ಸಮಾರಾಧನೆ ಎಂದಿದ್ದಾರೆಯೇ, ಕರಾವಳಿಯ ರೂಢಿಯಂತೆ ಬೊಜ್ಜ ಎಂದಿದ್ದಾರೆಯೇ ಎಂಬುದರಿಂದ ಸೀಮೆಯೂ ತಿಳಿಯಿತು. ಆದರೆ ನಿಜವಾದ ನಿಧಿಯಿರುವುದು ಕೆಳಗಿನ ಸಾಲುಗಳಲ್ಲಿ, ದುಃಖತಪ್ತರ ಹೆಸರುಗಳಲ್ಲಿ. ಯಾವ ಮಗನ ಹೆಸರು ಮೊದಲು ಬಂದಿದೆ, ಅಳಿಯಂದಿರ ಊರುಗಳಾವುವು, ಯಾರು ಬೊಂಬಾಯಿಯಲ್ಲಿದ್ದಾರೆ, ಯಾರು ಬೆಜವಾಡದಲ್ಲಿ, ಎಂದರೆ ವಿಜಯವಾಡದಲ್ಲಿ, ಇದ್ದಾರೆ, ಹೆಣ್ಣುಮಕ್ಕಳಿಗೆ ಸ್ವಂತ ಹೆಸರಿದೆಯೇ ಅಥವಾ ಇಂಥವರ ಧರ್ಮಪತ್ನಿಯೆಂದು ಬಿಟ್ಟಿದ್ದಾರೆಯೇ, ಇವೆಲ್ಲವೂ ಚರಿತ್ರೆ. ಬಿಟ್ಟುಹೋದ ಹೆಸರೂ ಚರಿತ್ರೆಯೇ: ಆಸ್ತಿಯ ಜಗಳದಿಂದ ಬೇರೆಯಾದ ಮಗ, ಒಪ್ಪಿಗೆಯಿಲ್ಲದೆ ಮದುವೆಯಾದ ಮಗಳು ಅಲ್ಲಿ ಇರುವುದಿಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶವು ತಾಯಿಯಿಂದ ಮಗಳಿಗೆ ಇಳಿಯುವುದರಿಂದ, ಹಳೆಯ ಪ್ರಕಟಣೆಯಲ್ಲಿ ಮಕ್ಕಳಿಗಿಂತ ಸೋದರಳಿಯಂದಿರು ಮುಂದೆ ನಿಂತಿದ್ದರೆ ಆಶ್ಚರ್ಯಪಡಬಾರದು. ತಂದೆಯ ದಾರಿಯನ್ನು ಹಿಡಿದು ಅಲ್ಲಿ ಹುಡುಕಿದವರು ಬೇರೆಯ ಮನೆಗೆ ಹೋಗಿ ಮುಟ್ಟುತ್ತಾರೆ. ವಯಸ್ಸನ್ನಂತೂ ನಂಬಲೇಬಾರದು, ಶಾಲೆಗೆ ಸೇರಿಸುವಾಗ ಬರೆಸಿದ ವಯಸ್ಸು ಒಂದಾದರೆ ಜಾತಕದ ವಯಸ್ಸು ಮತ್ತೊಂದು.

ಆಂಧ್ರದಲ್ಲಿ ನೆಲಸಿದ ಕನ್ನಡ ಕುಟುಂಬಗಳಿಗೆ ಇನ್ನೊಂದು ವಿಶೇಷವಾದ ಸಮಸ್ಯೆಯಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ, ಮಂಗಳೂರು, ಬೆಜವಾಡ, ವಿಶಾಖಪಟ್ಟಣಗಳೆಲ್ಲ ಒಂದೇ ಮದರಾಸು ರಾಜ್ಯದೊಳಗೆ ಇದ್ದುವು. ನೌಕರಿಗಾಗಿ, ರೈಲ್ವೆಗಾಗಿ, ಹೋಟಲಿನ ವ್ಯವಹಾರಕ್ಕಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವರು ಪರರಾಜ್ಯಕ್ಕೆ ಹೋದಂತಿರಲಿಲ್ಲ. ಕನ್ನಡಿಗನ ಹೆಸರಿನ ಹಿಂದೆ ಊರಿನ ಅಕ್ಷರ, ತಂದೆಯ ಅಕ್ಷರ. ತೆಲುಗರಲ್ಲಿ ಮೊದಲು ಬರುವುದು ಇಂಟಿಪೇರು, ಎಂದರೆ ಮನೆತನದ ಹೆಸರು. ಕನ್ನಡಿಗನೊಬ್ಬನ ಊರಿನ ಹೆಸರು ಅಲ್ಲಿಯ ದಾಖಲೆಯಲ್ಲಿ ಇಂಟಿಪೇರಾಗಿ ನಿಂತು, ಮೊಮ್ಮಕ್ಕಳ ಕಾಲಕ್ಕೆ ಅದೇ ವಂಶನಾಮವಾಗಿಬಿಡಬಹುದು. ಅಂಥ ಮನೆಯವರು ತಮ್ಮ ಮನೆತನದ ಹೆಸರನ್ನು ಕರ್ನಾಟಕದ ಗ್ರಾಮಗಳ ಪಟ್ಟಿಯಲ್ಲಿ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು. ಸರಕಾರದ ದಾಖಲೆಗೂ ಮಿತಿಯುಂಟು. 1886ರ ಕಾಯಿದೆಯಂತೆ ಜನನಮರಣಗಳ ನೋಂದಣಿಯು ಐಚ್ಛಿಕವಾಗಿತ್ತು. ತಿಳಿಸಲೇಬೇಕೆಂಬ ಕಡ್ಡಾಯದ ನಿಯಮವು ದೇಶಕ್ಕೆಲ್ಲ ಏಕರೂಪವಾಗಿ ಬಂದದ್ದು 1969ರ ಕಾಯಿದೆಯಿಂದ. ಅದಕ್ಕೆ ಹಿಂದಿನದು ಶಾನುಭೋಗ, ಪಟೇಲ, ಕರಣಂಗಳ ಪುಸ್ತಕಗಳಲ್ಲಿ ಎಷ್ಟುಂಟೋ ಅಷ್ಟು.

ರಕ್ತದ ವಂಶವಲ್ಲದೆ ವಿದ್ಯೆಯ ವಂಶವೆಂಬುದೊಂದು ಉಂಟಷ್ಟೆ. ಅದನ್ನು ಕಾಪಾಡಿಕೊಂಡವರು ಮಠಗಳವರು. ಮಧ್ವಾಚಾರ್ಯರ ಶಿಷ್ಯರಾದ ನರಹರಿತೀರ್ಥರು ಕಳಿಂಗದ ಗಂಗರ ರಾಜ್ಯಭಾರವನ್ನು ನಿರ್ವಹಿಸಿದ ಮಹನೀಯರು. ಶ್ರೀಕೂರ್ಮದ 1281ರ ಶಾಸನವೂ ವಿಶಾಖಪಟ್ಟಣದ ಸಿಂಹಾಚಲದ ಶಾಸನಗಳೂ ಅವರನ್ನು ಹೇಳುತ್ತವೆ. ಅವರ ಬೃಂದಾವನವಿರುವುದು ಹಂಪೆಯ ಚಕ್ರತೀರ್ಥದ ಬಳಿ. ಕಾರ್ಯದ ಕಲ್ಲು ಒಂದು ಸಮುದ್ರದ ಕಡೆ, ವಿಶ್ರಾಂತಿಯ ಕಲ್ಲು ತುಂಗಭದ್ರೆಯಲ್ಲಿ. ಎರಡನ್ನೂ ಜೋಡಿಸಿದಾಗ ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದರೆನ್ನಲಾದ ಈ ಯತಿಗಳ ಜೀವಿತವು ಪೂರ್ಣವಾಗುತ್ತದೆ. ಗಯೆಯಲ್ಲಿ ಯಾತ್ರಿಕರ ಪೂರ್ವಜರ ಹೆಸರುಗಳನ್ನು ವಹಿಗಳಲ್ಲಿ ಬರೆದಿಟ್ಟುಕೊಂಡಿರುವ ಗಯಾವಾಲರು ಮಾಧ್ವಸಂಪ್ರದಾಯದವರೆಂಬುದನ್ನು ಅನೇಕ ಕನ್ನಡಿಗರು ಅರಿಯರು. ಅಜ್ಜನು ಗಯೆಗೆ ಹೋಗಿದ್ದನೆಂಬ ಮಾತು ಮನೆಯಲ್ಲಿದ್ದರೆ, ಊರಿನ ಹೆಸರನ್ನು ಹೇಳಿ ಆ ವಹಿಯನ್ನು ಕೇಳಬಹುದು.

ಕಲ್ಲನ್ನು ಓದಲು ಹೊರಟವರಿಗೆ ಎರಡು ಮಾತು. ಸೀಮೆಸುಣ್ಣ, ಎಣ್ಣೆ, ಆಮ್ಲ, ಬಣ್ಣ ಇವುಗಳನ್ನು ಅಕ್ಷರಗಳಿಗೆ ಹಚ್ಚಬಾರದು. ಅವು ಇಂದು ತೋರಿಸಿ ನಾಳೆ ಅಳಿಸುತ್ತವೆ. ಬೆಳಗ್ಗೆ ಅಥವಾ ಸಂಜೆಯ ಓರೆಯಾದ ಬಿಸಿಲಿನಲ್ಲಿ, ಬೇಕಾದರೆ ಶುದ್ಧವಾದ ನೀರನ್ನು ಚಿಮುಕಿಸಿ, ಬೇರೆಬೇರೆ ಕೋನಗಳಿಂದ ಛಾಯಾಚಿತ್ರ ತೆಗೆದರೆ ಸವೆದ ಅಕ್ಷರಗಳು ಬಹುಮಟ್ಟಿಗೆ ಕಾಣುತ್ತವೆ. ಹಳಗನ್ನಡದ ಶಾಸನವಾದರೆ ಮೈಸೂರಿನಲ್ಲಿರುವ ಪುರಾತತ್ತ್ವ ಇಲಾಖೆಯ ಶಾಸನಶಾಖೆಯವರು ಒದ್ದೆ ಕಾಗದದ ಮೇಲೆ ಪಡಿಯಚ್ಚು ತೆಗೆಯುವ ವಿದ್ಯೆಯನ್ನು ಬಲ್ಲವರು. ಊರಿನವರು ಅವರಿಗೆ ಸುದ್ದಿ ಮುಟ್ಟಿಸಿದರೆ ಸಾಕು.

ಕಾಗದದ ಕೆಲಸವನ್ನು ಮಾತ್ರ ನಾವೇ ಮಾಡಬೇಕು. ಕಾಟನ್ ಅವರು ಗೋರಿಗಳಿಗೆ ಮಾಡಿದುದನ್ನು ಕನ್ನಡ ಪತ್ರಿಕೆಗಳ ನಿಧನವಾರ್ತೆಗಳಿಗೆ ಯಾರಾದರೂ ಮಾಡಬೇಕಾಗಿದೆ. ಗ್ರಂಥಾಲಯಗಳಲ್ಲಿ ಕಟ್ಟಿಟ್ಟ ಹಳೆಯ ಸಂಪುಟಗಳ ಕಾಗದ ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತಿದೆ. ಒಂದೊಂದು ಜಿಲ್ಲೆಯ ಕಾಲೇಜಿನ ಕನ್ನಡ ಅಥವಾ ಇತಿಹಾಸದ ವಿಭಾಗದವರು ಒಂದೊಂದು ಪತ್ರಿಕೆಯ ಒಂದೊಂದು ವರ್ಷವನ್ನು ವಹಿಸಿಕೊಂಡು, ಪ್ರತಿ ಪ್ರಕಟಣೆಯ ಛಾಯಾಚಿತ್ರವನ್ನು ತೆಗೆದು, ಪತ್ರಿಕೆಯ ಹೆಸರನ್ನೂ ತಾರೀಖನ್ನೂ ಅದರ ಮೇಲೆಯೇ ಬರೆದು, ಪಟ್ಟಿಯಲ್ಲಿ ಮೃತರ ಹೆಸರು, ಮೂಲದ ಊರು, ತೀರಿಕೊಂಡ ಊರು, ತಾರೀಖು, ತಿಥಿ, ಹೇಳಿದ ವಯಸ್ಸು, ಹೆಣ್ಣುಮಕ್ಕಳ ಹೆಸರು ಮತ್ತು ಅವರನ್ನು ಕೊಟ್ಟ ಊರು, ಕೊನೆಯದಾಗಿ ಆ ಪ್ರಕಟಣೆಯನ್ನು ಕೊಟ್ಟವರ ಹೆಸರು ಮತ್ತು ಮೃತರಿಗೆ ಅವರು ಏನಾಗಬೇಕು ಎಂಬುದು, ಇಷ್ಟನ್ನು ತುಂಬುತ್ತ ಹೋದರೆ, ಹತ್ತು ವರ್ಷಗಳ ಸಂಪುಟಗಳು ಮುಗಿಯುವಷ್ಟರಲ್ಲಿ ಬಳ್ಳಾರಿಯವನು ಬೆಜವಾಡದ ತನ್ನ ದಾಯಾದಿಗಳನ್ನೂ, ವಿಶಾಖಪಟ್ಟಣದವನು ಉಡುಪಿಯ ಸೀಮೆಯ ತನ್ನ ಅಜ್ಜಿಯ ತವರನ್ನೂ ಕಂಡುಕೊಳ್ಳಬಹುದು.